ನಿಧಾನ, ರೀ!

ಪಿಕಲ್‌ಬಾಲ್ ಹುಟ್ಟಿದ್ದೇ ಗಂಡಸರಿಗೆ ಮನೆಯಲ್ಲಿ ಸಾಮಾನು ಸಿಗದೆ. 1965ರ ಬೇಸಿಗೆ, ಅಮೆರಿಕದ ಬೇನ್‌ಬ್ರಿಜ್ ದ್ವೀಪ. ಜೋಯೆಲ್ ಪ್ರಿಚರ್ಡ್ ಎಂಬ ರಾಜಕಾರಣಿಯೂ ಅವರ ಗೆಳೆಯ ಬಿಲ್ ಬೆಲ್ಲೂ, ಬೇಜಾರು ಅಂತ ಗೋಳಾಡುತ್ತಿದ್ದ ಮಕ್ಕಳಿಗೆ ಶಟಲ್ ಆಡಿಸಲು ಹೊರಟರೆ ಬೇಕಾದ ಸಾಮಾನೇ ಇಲ್ಲ. ಕೊನೆಗೆ ಟೇಬಲ್ ಟೆನಿಸ್ ಬ್ಯಾಟು, ತೂತಿನ ಪ್ಲಾಸ್ಟಿಕ್ ಚೆಂಡು ಹಿಡಿದು ಏನೋ ಒಂದು ಶುರುಮಾಡಿದರು. ಅವರ ಹೆಂಡಿರನ್ನು ಕೇಳಿದ್ದರೆ ಶಟಲ್ ಕಾಕು ಕಪಾಟಿನ ಎರಡನೇ ಅರೆಯಲ್ಲೇ ಸಿಗುತ್ತಿತ್ತೋ ಏನೋ.

ನಮ್ಮೂರು ಮಾಚೇನಹಳ್ಳಿಗೆ ಅದು ಬಂದದ್ದು, ನನಗೆ ತಿಳಿದಮಟ್ಟಿಗೆ, ಬೆಂಗಳೂರಿನಲ್ಲಿರುವ ನಮ್ಮ ಮಗನ ಬ್ಯಾಗಿನಲ್ಲಿ. ಕೋರ್ಟಿಗೆ ಖರ್ಚಿಲ್ಲ. ಶಟಲ್ ಡಬಲ್ಸಿನ ಹೊರಗೆರೆಯೇ ಇದಕ್ಕೂ ಅಳತೆ, 44 ಅಡಿ ಉದ್ದ, 20 ಅಡಿ ಅಗಲ. ನೆಟ್ಟು ನಡುವೆ 34 ಇಂಚಿಗೆ ಇಳಿಸಿ, ಅದರ ಎರಡೂ ಬದಿಗೆ ಏಳೇಳು ಅಡಿಗೆ ಸುಣ್ಣದ ಗೆರೆ ಎಳೆದರಾಯಿತು. ಆ ಏಳಡಿಯೊಳಗೆ ನಿಂತು, ನೆಲಕ್ಕೆ ಬೀಳದ ಚೆಂಡನ್ನು ಹೊಡೆಯುವಂತಿಲ್ಲ. ಆ ಜಾಗಕ್ಕೆ ಕಿಚನ್ ಅಂತ ಹೆಸರು. ಇದರ ಮೇಲೆ ಜೋಕು ಮಾಡಕೂಡದು ಅಂತ ಮನೆಯಲ್ಲಿ ಅಪ್ಪಣೆಯಾಗಿದೆ.

ನಾನು ಇಲ್ಲಿನ ಒಂದು ಫೌಂಡ್ರಿಯಲ್ಲಿ ಸೂಪರ್‌ವೈಸರ್. ಹೊಸ ಹುಡುಗರಿಗೆ ದಿನಾ ಉಪದೇಶ: ‘ಅಚ್ಚು ಆರೋ ಮುಂಚೆ ಒಡೀಬೇಡ್ರೋ, ಎರಕ ಬಿರುಕು ಬಿಡ್ತದೆ.’ ಬ್ಯಾಟು ಕೈಗೆ ಬಂದರೆ ಮಾತ್ರ ಆ ಮಹಾನುಭಾವ ಕೋರ್ಟಿನ ಗೇಟಿನ ಹೊರಗೇ ಉಳಿಯುತ್ತಾನೆ. ಬಂದ ಚೆಂಡಿಗೆಲ್ಲ ಒಂದೇ ಏಟು. ಮೂರರಲ್ಲಿ ಒಂದು ನೆಟ್ಟಿಗೆ, ಒಂದು ಬಿ.ಎಚ್. ರಸ್ತೆಯ ದಿಕ್ಕಿಗೆ. ಮೂರನೆಯದು ಒಳಗೆ ಬೀಳುತ್ತದೆ, ಅಲ್ಲಿ ನನ್ನಾಕೆ ನಿಂತಿರುತ್ತಾಳೆ.

ಅವಳು ಹೊಡೆಯುವುದಿಲ್ಲ. ಬ್ಯಾಟನ್ನು ಸುಮ್ಮನೆ ಒಡ್ಡುತ್ತಾಳೆ. ನನ್ನ ಸಿಡಿಲು ಅಲ್ಲಿ ಸಪ್ಪಗಾಗಿ, ನೆಟ್ಟು ದಾಟಿ ನನ್ನ ಕಾಲ ಬಳಿ ಪಿಸುಗುಟ್ಟಿ ಬೀಳುತ್ತದೆ. ಇದಕ್ಕೆ ಡಿಂಕ್ ಅನ್ನುತ್ತಾರೆ. ನೆಟ್ಟಿಗಿಂತ ಕೆಳಗಿರುವ ಚೆಂಡನ್ನು ಮೇಲೆತ್ತಲೇಬೇಕು. ಜೋರಾಗಿ ಎತ್ತಿದರೆ ಔಟು, ಎತ್ತರಕ್ಕೆ ಎತ್ತಿದರೆ ಎದುರಿನವರಿಗೆ ಊಟ. ಹಾಗಾಗಿ ಮೆತ್ತಗೆ, ಮೆತ್ತಗೆ, ಇನ್ನೊಮ್ಮೆ ಮೆತ್ತಗೆ. ಯಾರಿಗೆ ಮೊದಲು ತಾಳ್ಮೆ ಕೆಡುತ್ತದೋ ಅವರು ಸೋಲುತ್ತಾರೆ. ಯಾರಿಗೆ ಅಂತ ಕೋರ್ಟಿನ ಹೊರಗೆ ಕೂತ ಮಕ್ಕಳಿಗೂ ಗೊತ್ತು.

ನನ್ನ ಜೋಡಿ ಆಡುವವನು ನನ್ನಾಕೆಯ ತಮ್ಮ, ಭದ್ರಾವತಿಯವನು. ‘ಭಾವ, ಬಿಡಿ ಬಿಡಿ, ಔಟು!’ ಅಂತ ಕೂಗುತ್ತಾನೆ. ಗಡಿ ದಾಟಿ ಹೋಗುವ ಚೆಂಡನ್ನು ಬಿಟ್ಟುಬಿಡುವುದು ಈ ಆಟದ ಅರ್ಧ ಜಾಣತನವಂತೆ. ಟಿವಿ ಚರ್ಚೆಯವರಿಗೆ ಸೋಫಾದಿಂದಲೇ ಉತ್ತರ ಕೊಡುವವನು ಎದೆಯುದ್ದಕ್ಕೆ ಬಂದದ್ದನ್ನು ಬಿಡುವುದುಂಟೇ? ಹಾರಿ ಹೊಡೆಯುತ್ತೇನೆ. ಸರ್ವ್ ಮಾಡಿದವರಿಗೆ ಮಾತ್ರ ಪಾಯಿಂಟು, 11 ಬಂದರೆ ಗೇಮು. ಅವಳು ಸರ್ವ್ ಹಿಡಿದರೆ ಕೈಬಿಡುವುದೇ ಇಲ್ಲ.

ಇಷ್ಟು ಬೇಗ ಹೇಗೆ ಕಲಿತಳು ಅಂತ ತಲೆ ಕೆಡಿಸಿಕೊಂಡಿದ್ದೆ. ಆಮೇಲೆ ಹಳೇ ಸ್ಕೂಟರಿನ ಕಥೆ ನೆನಪಾಯಿತು. ‘ನಾನಿರೋತನಕ ಇದನ್ನ ಮಾರಲ್ಲ’ ಅಂತ ನಾನು ಸ್ಮ್ಯಾಶ್ ಬಾರಿಸಿದ್ದೆ. ‘ಹೂಂ’ ಅಂದಳು, ಅಷ್ಟೇ. ವಾರ ಬಿಟ್ಟು, ‘ಬ್ಯಾಟರಿ ಎಷ್ಟಾಯ್ತು ರೀ?’ ಮತ್ತೊಂದು ದಿನ, ‘ಅದನ್ನ ಸರಿಸಿದ್ರೆ ತುಳಸಿಕಟ್ಟೆಗೆ ಬಿಸಿಲು ಬರ್ತದಾ ಅಂತ.’ ನಾನು ಪ್ರತಿಸಲವೂ ಕೂಗಾಡಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಗುಜರಿಯವನಿಗೆ ಫೋನ್ ಮಾಡಿದ್ದು ನಾನೇ. ‘ಅಯ್ಯೋ, ಮಾರೇಬಿಟ್ರಾ?’ ಅಂತ ಅವಳೇ ಮರುಗಿದಳು.

ಈಗ ನನಗೂ ತಂತ್ರ ತಿಳಿದಿದೆ. ಮೊನ್ನೆ ಚಹಾ ಕೊಡುತ್ತಾ, ‘ಭಾನುವಾರ ಮಳೆ ಬರಬಹುದೇನ್ರೀ?’ ಅಂದಳು. ತೀರ್ಥಹಳ್ಳಿಯಲ್ಲಿ ಅವಳ ತಂಗಿಯ ಮನೆ ಗೃಹಪ್ರವೇಶ. ಹೋಗುವುದಿಲ್ಲ ಅಂತ ನಾನು ಹಿಂದೆಯೇ ಸಾರಿದ್ದೆ. ಇದು ಡಿಂಕು! ಹೊಡೆಯಬಾರದು. ಉಸಿರು ಬಿಗಿಹಿಡಿದು, ಚಹಾ ಗುಟುಕರಿಸಿ, ಎಂದಿಲ್ಲದ ಮೆದುದನಿಯಲ್ಲಿ ಹೇಳಿದೆ: ‘ಬರಬಹುದು ಕಣೇ.’

‘ಹಾಗಾದ್ರೆ ಬಸ್ಸು ಬೇಡ ಬಿಡಿ,’ ಅಂದಳು. ‘ನೀವು ಕಾರು ತಗೀತೀರಿ ಅಂತ ಅಮ್ಮನಿಗೂ ಹೇಳ್ತೀನಿ.’