ಕೆಡದ ಎಂಜಿನ್ನಿನ ರಿಪೇರಿ

ಕೆಟ್ಟ ಎಂಜಿನ್ ರಿಪೇರಿ ಮಾಡುವವರು ಊರಿಗೆ ನಾಲ್ಕು ಮಂದಿ ಸಿಗುತ್ತಾರೆ. ಚೆನ್ನಾಗಿ ಓಡುತ್ತಿರುವ ಎಂಜಿನ್ನನ್ನು ಬಿಚ್ಚಿ ಹರಡಿಕೊಂಡು ಕೂರಲು ಬೇರೆಯೇ ಗುಂಡಿಗೆ ಬೇಕು. ಆ ಗುಂಡಿಗೆಯವರು ಅಮೆರಿಕದಲ್ಲಿ ಇದ್ದಾರೆ. ಅವರ ಮನೆಯ ಗ್ಯಾರೇಜಿನಲ್ಲಿ ನಿಂತಿರುವುದು ಹೆಚ್ಚಾಗಿ 1989ರಿಂದ 1998ರ ನಡುವೆ ಬಂದ ಡಾಡ್ಜ್ ರ‍್ಯಾಮ್ ಪಿಕಪ್. ಬಾನೆಟ್ಟಿನ ಕೆಳಗೆ ಕಮಿನ್ಸ್ ಕಂಪನಿಯ 5.9 ಲೀಟರಿನ, ಆರು ಸಿಲಿಂಡರಿನ, ಹನ್ನೆರಡು ವಾಲ್ವಿನ ಡೀಸೆಲ್ ಎಂಜಿನ್. ಇವರ ಸೇವೆಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂಬ ಕೊರಗು ನನಗೆ ಬಹಳ ಕಾಲದಿಂದ ಇದೆ.

ಮೊದಲು ಆ ಎಂಜಿನ್ನಿನ ದೋಷಗಳನ್ನು ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ದೊಡ್ಡ ದೋಷ, ಅದು ಬೇಗ ಸಾಯುವುದಿಲ್ಲ. ಸುಮಾರು ಅರ್ಧ ಟನ್ ತೂಕದ ಕಬ್ಬಿಣ. ಟೈಮಿಂಗ್‌ಗೆ ಬೆಲ್ಟಿಲ್ಲ, ಚೈನಿಲ್ಲ, ಹಲ್ಲಿಗೆ ಹಲ್ಲು ಕೂರುವ ಗೇರುಗಳು. ಡೀಸೆಲ್ ಆದ್ದರಿಂದ ಸ್ಪಾರ್ಕ್ ಪ್ಲಗ್ ಇಲ್ಲ, ಹಳೆಯದಾದ್ದರಿಂದ ಎಣ್ಣೆಯ ಲೆಕ್ಕ ನೋಡುವ ಕಂಪ್ಯೂಟರೂ ಇಲ್ಲ. ಹೊಲದ ಯಂತ್ರಕ್ಕೂ ಲಾರಿಗೂ ದುಡಿಯುವ ಈ ಜಾತಿಯ ಎಂಜಿನ್ ಪಿಕಪ್ಪಿಗೆ ಬಂದಾಗ 160 ಎಚ್‌ಪಿ ಕೊಡುತ್ತಿತ್ತು, ಅಷ್ಟನ್ನೇ ವರ್ಷಗಟ್ಟಲೆ ಕೊಡುತ್ತಲೇ ಇತ್ತು. ನಮ್ಮವರಿಗೂ ಇದರ ಪರಿಚಯವಿದೆ. 1993ರಲ್ಲಿ ಹುಟ್ಟಿದ ಟಾಟಾ ಕಮಿನ್ಸ್, ಜಮ್‌ಶೆಡ್‌ಪುರದಲ್ಲಿ ಇದೇ ಸರಣಿಯ ಎಂಜಿನ್ ತಯಾರಿಸಿ ಟಾಟಾ ಲಾರಿಗಳಿಗೆ ಕೊಟ್ಟಿತು. ಅದನ್ನಿಟ್ಟುಕೊಂಡು ನಮ್ಮ ಲಾರಿ ಡ್ರೈವರು ಬೇಡಿದ್ದು ಏನು? ಲೋಡು ಸಮೇತ ಶಿರಾಡಿ ಘಾಟಿ ಹತ್ತಿಸಿಬಿಡಪ್ಪಾ ಎಂದು. ಎಂಥ ಅಲ್ಪತೃಪ್ತಿ!

ಅಮೆರಿಕದ ನಮ್ಮ ಸಾಧಕರು ಅಲ್ಪಕ್ಕೆ ತೃಪ್ತರಲ್ಲ. ಡೀಸೆಲ್ ಎಂಜಿನ್ನಿಗೆ ಬಲ ಬೇಕೆಂದರೆ ಎಣ್ಣೆ ಹೆಚ್ಚು ಕುಡಿಸಬೇಕು, ಗುಟ್ಟು ಇಷ್ಟೇ. 1994ರಿಂದ ಈ ಗಾಡಿಗೆ ಬಂದ ಬಾಷ್ ಪಿ7100 ಪಂಪಿನೊಳಗೆ, ಎಣ್ಣೆ ಇಷ್ಟೇ ಸಾಕು ಎಂದು ಅಡ್ಡ ನಿಲ್ಲುವ ಒಂದು ಪುಟ್ಟ ತಗಡಿದೆ, ಫ್ಯೂಯೆಲ್ ಪ್ಲೇಟ್ ಎನ್ನುತ್ತಾರೆ. ಕಂಪನಿಯ ಎಂಜಿನಿಯರುಗಳು ಲೆಕ್ಕ ಹಾಕಿ ಅದರ ಅಂಚಿಗೆ ಒಂದು ಬಾಗು ಕೊಟ್ಟಿದ್ದಾರೆ. ಸಾಧಕ ಅದನ್ನು ಮುಂದಕ್ಕೆ ಸರಿಸುತ್ತಾನೆ. ಮನಸ್ಸು ತಡೆಯದಿದ್ದರೆ ಅರ ಹಾಕಿ ಉಜ್ಜುತ್ತಾನೆ, ಇಲ್ಲವೇ ಕಿತ್ತು ಡ್ರಾಯರಿನಲ್ಲಿ ಇಡುತ್ತಾನೆ. ಪೈಸೆ ಖರ್ಚಿಲ್ಲ. ಅದೇ ಪಂಪಿನ ತಲೆಯ ಮೇಲೆ ಇನ್ನೊಂದು ಅಂಜುಬುರುಕ ಸಾಧನವಿದೆ: ಟರ್ಬೊ ಸಾಕಷ್ಟು ಗಾಳಿ ತಳ್ಳುವ ತನಕ ಎಣ್ಣೆಯನ್ನು ತಡೆದು ನಿಲ್ಲಿಸುವುದು ಅದರ ಕೆಲಸ. ಅದರೊಳಗೆ ನಕ್ಷತ್ರದಂತೆ ಹಲ್ಲಿರುವ ಒಂದು ಚಕ್ರ. ನಾಲ್ಕು ಹಲ್ಲು ತಿರುಗಿಸಿದರೆ ಎಣ್ಣೆ ಯಾರನ್ನೂ ಕಾಯುವುದಿಲ್ಲ.

ಇಲ್ಲಿಂದ ಮುಂದೆ ಸಾಧನೆ ತಾನಾಗಿಯೇ ನಡೆಯುತ್ತದೆ, ಮನುಷ್ಯ ನಿಮಿತ್ತಮಾತ್ರ. ಎಣ್ಣೆ ಹೆಚ್ಚಾಗಿ ಗಾಳಿ ಸಾಲದಾದಾಗ ಎಕ್ಸಾಸ್ಟ್ ಕಾಯುತ್ತದೆ. 1,250 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 680 ಸೆಲ್ಸಿಯಸ್ ಹತ್ತಿರ ಬಂದರೆ ಕಾಲು ತೆಗೆಯಬೇಕೆಂದು ಬಲ್ಲವರು ಹೇಳುತ್ತಾರೆ. ಪಿಸ್ಟನ್ ಅಲ್ಯೂಮಿನಿಯಂದು, ಕರಗುವ ಸ್ವಭಾವ. ಕಾಲು ತೆಗೆಯುವುದು ಹೇಡಿತನವಾದ್ದರಿಂದ ದೊಡ್ಡ ಟರ್ಬೊ ತರುತ್ತಾರೆ. ದೊಡ್ಡ ಟರ್ಬೊ ಏಳುವುದು ನಿಧಾನ, ಅದನ್ನು ಎಬ್ಬಿಸಲು ಚಿಕ್ಕದೊಂದನ್ನು ಜೊತೆಗೆ ಕೂರಿಸುತ್ತಾರೆ. ಎರಡೂ ಸೇರಿ ತಳ್ಳಿದ ಗಾಳಿಗೆ ಹೆಡ್ ಗ್ಯಾಸ್ಕೆಟ್ ಕಿತ್ತುಬರುತ್ತದೆ, ಬೋಲ್ಟು ತೆಗೆದು ಬಲವಾದ ಸ್ಟಡ್ ಬಿಗಿಯುತ್ತಾರೆ. ಎರಡೂವರೆ ಸಾವಿರದ ಆಸುಪಾಸಿನಲ್ಲಿ ಸಾಕು ಎನ್ನುವ ಗವರ್ನರಿಗೆ ನಾಲ್ಕು ಸಾವಿರ ಆರ್‌ಪಿಎಂನ ಸ್ಪ್ರಿಂಗ್ ಹಾಕಿದರೆ ವಾಲ್ವುಗಳು ಮುಚ್ಚಲು ಪುರುಸೊತ್ತಿಲ್ಲದೆ ತೇಲುತ್ತವೆ, ಅವಕ್ಕೂ ಗಟ್ಟಿ ಸ್ಪ್ರಿಂಗ್ ಬರುತ್ತದೆ. ಈಗ ಬಲ ಬಂತು, ಕ್ಲಚ್ ಜಾರಿತು. ಕ್ಲಚ್ ಗಟ್ಟಿಯಾದ ಮೇಲೆ ಗೇರ್‌ಬಾಕ್ಸಿನ ಐದನೇ ಗೇರಿನ ನಟ್ಟು ಸಡಿಲಾಗಿ ಗೇರು ತನ್ನ ಜಾಗ ಬಿಟ್ಟು ಹೊರಡುತ್ತದೆ. ಆಟೊಮ್ಯಾಟಿಕ್ ಗೇರ್‌ಬಾಕ್ಸಿನವರಿಗೆ ಇಷ್ಟು ಕಾಯುವ ಕಷ್ಟವಿಲ್ಲ, ಅದು ಮೊದಲೇ ಕೈಮುಗಿದಿರುತ್ತದೆ.

ಕೌಪೀನ ಕಡಿಯುವ ಇಲಿಗೆಂದು ಬೆಕ್ಕು, ಬೆಕ್ಕಿನ ಹಾಲಿಗೆಂದು ಹಸು ಕಟ್ಟಿದ ಸನ್ಯಾಸಿಯ ಕತೆ ಹೇಳಿ ನಾವು ನಗುತ್ತೇವೆ. ಪಾಪ, ಆತ ಮದುವೆಯಾಗುವಲ್ಲಿಗೆ ನಿಂತುಬಿಟ್ಟ. ಇವರು ಹಿಂದಿನ ಡಿಫರೆನ್ಷಿಯಲ್‌ವರೆಗೂ ಹೋಗುತ್ತಾರೆ.

ಇಷ್ಟೆಲ್ಲ ಬಿಗಿದ ಎಂಜಿನ್ನಿನ ಮುಂಭಾಗದಲ್ಲಿ, ಟೈಮಿಂಗ್ ಗೇರಿನ ಪೆಟ್ಟಿಗೆಯೊಳಗೆ, ಬೆರಳ ತುದಿಯಷ್ಟು ದಪ್ಪದ ಒಂದು ಡೋವೆಲ್ ಪಿನ್ ಇರುತ್ತದೆ. ನಡುಗಿ ನಡುಗಿ ಅದು ಹೊರಬಂದು ಗೇರುಗಳ ನಡುವೆ ಬಿದ್ದರೆ ಎಂಜಿನ್ನಿನ ಕತೆ ಮುಗಿಯಬಹುದು. ಮೇಲೊಂದು ತಗಡಿನ ಚೂರು ಬಿಗಿದರೆ ಪಿನ್ ಅಲ್ಲಾಡದು. ಆದರೆ ಅದರಿಂದ ಒಂದು ಎಚ್‌ಪಿಯೂ ಹೆಚ್ಚುವುದಿಲ್ಲ. ಹಾಗಾಗಿ ಅದನ್ನು ಮುಂದಿನ ವಾರಕ್ಕೆ ಇಟ್ಟುಕೊಂಡ ಮಹನೀಯರಿದ್ದಾರೆ.

ಇನ್ನು ಹೊಗೆಯ ವಿಷಯ. ದುಡ್ಡು ಕೊಟ್ಟು ಕೊಂಡ ಎಣ್ಣೆಯನ್ನು ಪೂರ್ತಿ ಉರಿಸದೆ ಕಪ್ಪಗೆ ಆಕಾಶಕ್ಕೆ ಅರ್ಪಿಸುವುದು ಸಣ್ಣ ತ್ಯಾಗವಲ್ಲ. ಪಿಕಪ್ಪಿನ ಹಿಂದೆ ಬರುವ ಹೈಬ್ರಿಡ್ ಕಾರಿನವರಿಗೂ ಪಕ್ಕದ ಸೈಕಲ್ ಸವಾರರಿಗೂ ಇದರ ಪಾಲು ಪುಕ್ಕಟೆ. ಸ್ವಂತಕ್ಕೆ ಏನೂ ಉಳಿಸಿಕೊಳ್ಳುವುದಿಲ್ಲ. 1919ರಲ್ಲಿ ಕಂಪನಿ ಕಟ್ಟಿದ ಕ್ಲೆಸ್ಸಿ ಕಮಿನ್ಸ್ ಸ್ವಲ್ಪ ಜಿಪುಣ ಜಾತಿ. 1930ರ ಜನವರಿಯಲ್ಲಿ ಹಳೆಯ ಪ್ಯಾಕಾರ್ಡ್ ಕಾರಿಗೆ ಡೀಸೆಲ್ ಎಂಜಿನ್ ಕೂರಿಸಿ ಇಂಡಿಯಾನಾದಿಂದ ನ್ಯೂಯಾರ್ಕಿಗೆ ಹೋದ, ಎಣ್ಣೆಗೆ ಒಂದೂವರೆ ಡಾಲರೂ ಆಗಲಿಲ್ಲ ಎಂದು ಹೇಳಿಕೊಂಡ. ಗುರುವಿನ ಆ ಕೈಬಿಗಿತವನ್ನು ಶಿಷ್ಯರು ಇಂದು ಬಡ್ಡಿ ಸಮೇತ ತೀರಿಸುತ್ತಿದ್ದಾರೆ. ಸರ್ಕಾರಗಳಿಗೆ ಇದು ಅರ್ಥವಾಗುವುದು ಕಷ್ಟ. ಬೇಕೆಂದು ಹೊಗೆ ಬಿಡುವುದನ್ನು ನ್ಯೂಜೆರ್ಸಿ 2015ರಲ್ಲಿ, ಕೊಲರಾಡೊ 2017ರಲ್ಲಿ ನಿಷೇಧಿಸಿದವು. ಸುಮಾರು ಒಂದು ದಶಕದಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳ ಹೊಗೆ ಶುದ್ಧಿಯ ಸಾಧನಗಳನ್ನು ಕಿತ್ತುಹಾಕಲಾಗಿದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಹೊಸ ಗಾಡಿಯವರ ಪಾಡು ಅದು. ಹನ್ನೆರಡು ವಾಲ್ವಿನ ಕಾಲದ ಪುಣ್ಯವಂತರಿಗೆ ಕೀಳಲು ಅಂಥದ್ದು ಹೆಚ್ಚೇನೂ ಇರಲಿಲ್ಲ.

ಹೀಗೆ ಸಂಪಾದಿಸಿದ ಐನೂರು ಎಚ್‌ಪಿಯಿಂದ ಏನು ಮಾಡುತ್ತಾರೆ ಎಂದು ಕೇಳುವ ಕುಹಕಿಗಳಿದ್ದಾರೆ. ಡೈನೊ ಎಂಬ ಉರುಳೆಯ ಮೇಲೆ ಗಾಡಿಯನ್ನು ಕಟ್ಟಿ, ನಿಂತಲ್ಲೇ ಓಡಿಸಿ, ಚೀಟಿ ತೆಗೆದುಕೊಳ್ಳುತ್ತಾರೆ. ಜಾತ್ರೆ ಬಂದರೆ ಭಾರ ಹೇರಿದ ಸ್ಲೆಡ್ಡನ್ನು ಮಣ್ಣಿನ ಮೇಲೆ ಮುನ್ನೂರು ಅಡಿ ಎಳೆಯುತ್ತಾರೆ. ಮುಂದಿನ ಸ್ಪರ್ಧಿ ಎಳೆಯಲಿ ಎಂದು ಅದನ್ನು ಮತ್ತೆ ಮೊದಲಿನ ಜಾಗಕ್ಕೇ ತರಲಾಗುತ್ತದೆ. ಸೋಮವಾರ ಕೆಲಸಕ್ಕೆ ಹೋಗುವುದು ಹೆಂಡತಿಯ ಕಾರಿನಲ್ಲಿ. ಪಿಕಪ್ ಗೇರ್‌ಬಾಕ್ಸಿಗಾಗಿ ಕಾಯುತ್ತಿರುತ್ತದೆ.

ಈ ಪರಂಪರೆಗೆ ದ್ರೋಹ ಬಗೆದವರೂ ಇದ್ದಾರೆ ಎಂದು ಹೇಳದೆ ವಿಧಿಯಿಲ್ಲ. ಮೊದಲು ಡೋವೆಲ್ ಪಿನ್ನಿಗೆ ತಗಡು ಬಿಗಿಯುತ್ತಾರೆ. ಎಕ್ಸಾಸ್ಟಿನ ಬಿಸಿ ತೋರಿಸುವ ಒಂದು ಮೀಟರು ಕೂರಿಸುತ್ತಾರೆ. ಪ್ಲೇಟನ್ನು ಒಂದು ಕೂದಲೆಳೆ ಸರಿಸಿ, ಕ್ಲಚ್ ಬದಲಿಸಿ, ಇನ್ನೂರೈವತ್ತು ಎಚ್‌ಪಿಗೆ ಕೈ ತೊಳೆದುಕೊಂಡುಬಿಡುತ್ತಾರೆ. ಸೈಲೆನ್ಸರಿನಲ್ಲಿ ಮಸಿಯ ಸುಳಿವಿಲ್ಲ, ಗೇರ್‌ಬಾಕ್ಸ್ ಅದೇ ಹಳೆಯದು. ಗಾಡಿಯ ಹಿಂದೆ ಟ್ರೇಲರು, ಟ್ರೇಲರಿನಲ್ಲಿ ಹುಲ್ಲು ತಿನ್ನುವ ಎರಡು ಕುದುರೆ. ಅಂಥವರ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ.