ಮನೆ ಬಾಡಿಗೆಗಿದೆ, ಬಹುಮಾನ ಕೇಳಬೇಡಿ

ಹಾಲಿವುಡ್ ಸಿನಿಮಾದಲ್ಲಿ ತಲೆಮರೆಸಿಕೊಂಡವನ ಬೆನ್ನುಹತ್ತುವ ಗಟ್ಟಿಗಿತ್ತಿಗೆ ಚರ್ಮದ ಜಾಕೆಟ್ಟು, ಪಿಸ್ತೂಲು, ಧೂಳೆಬ್ಬಿಸುವ ಜೀಪು ಬೇಕು. ನಮ್ಮ ಕಡೆಯವಳಿಗೆ ಒಂದು ಬಾಡಿಗೆ ಮನೆ ಸಾಕು. ಬಹುಮಾನವಂತೂ ಬೇಕಾಗಿಯೇ ಇಲ್ಲ ಎಂದು ಸರ್ಕಾರ ತಾನೇ ತೀರ್ಮಾನಿಸಿಬಿಡುತ್ತದೆ.

ಕಾಡುಗಳ್ಳ ವೀರಪ್ಪನ್ ಮಾತು ಬಂದಾಗ ನಾವು ಮೈಸೂರಿನವರು ಪರಊರಿನವರ ಹಾಗೆ ಹುಬ್ಬೇರಿಸುತ್ತೇವೆ. ಚಾಮರಾಜನಗರ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಅವನ ಹುಟ್ಟೂರು ಗೋಪಿನಾಥಂ ನಮ್ಮ ಜಿಲ್ಲೆಯದೇ. ಪಾಲಿನಲ್ಲಿ ಕಾಡು ಅವರಿಗೆ ಹೋಯಿತು, ಅವನ ಸಹಚರರೆಂದು ಹಿಡಿದವರ ವಿಚಾರಣೆ ನಡೆಸುವ ಟಾಡಾ ಕೋರ್ಟು ನಮಗೆ ಉಳಿಯಿತು. ಕರ್ನಾಟಕ, ತಮಿಳುನಾಡು ಎರಡೂ ರಾಜ್ಯಗಳ ಕಾರ್ಯಪಡೆಗಳು ವರ್ಷಗಟ್ಟಲೆ ಜಾಲಾಡಿದರೂ ಮೀಸೆಯವನು ಸಿಗಲಿಲ್ಲ. ಸಿಕ್ಕವರು ಕಾಡಂಚಿನ ಬಡವರು, ಹೆಂಗಸರೂ ಸೇರಿ. ಮೈಸೂರು ಜೈಲಿನಲ್ಲಿ ಕೊಳೆತ ಅವರಲ್ಲಿ ಹೆಚ್ಚಿನವರು ತಪ್ಪಿತಸ್ಥರಲ್ಲವೆಂದು ಗೊತ್ತಾಗಲು 2001 ಬರಬೇಕಾಯಿತು. ಪಡೆಯ ಕೈಯಲ್ಲಿ ನರಳಿದ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರ ಎಂದು ಮಾನವ ಹಕ್ಕುಗಳ ಆಯೋಗ ಹೇಳಿದ್ದು 2007ರಲ್ಲಿ.

ಬಂದೂಕು ಹಿಡಿದವರಿಗೆ ಆಗದ್ದಕ್ಕೆ ಕೊನೆಗೆ ಕೊಯಮತ್ತೂರಿನ ಒಬ್ಬ ಗೃಹಿಣಿಯ ನೆರವು ಬೇಕಾಯಿತು. ಪೊಲೀಸರ ಕೋರಿಕೆಯಂತೆ ಆಕೆ ವೀರಪ್ಪನ್ ಹೆಂಡತಿ ಮುತ್ತುಲಕ್ಷ್ಮಿಯನ್ನು ಬಾಡಿಗೆಗೆ ಇಟ್ಟುಕೊಂಡು, ಸ್ನೇಹ ಬೆಳೆಸಿ, ಕಷ್ಟಸುಖದ ಮಾತಿನ ನಡುವೆ ಅವನ ಆರೋಗ್ಯ, ಮಂಜಾಗುತ್ತಿದ್ದ ಕಣ್ಣು ಎಲ್ಲವನ್ನೂ ತಿಳಿದು ಪಡೆಗೆ ಮುಟ್ಟಿಸಿದರಂತೆ. 2004ರ ಅಕ್ಟೋಬರ್ 18ರ ರಾತ್ರಿ, ಕಣ್ಣಿನ ಚಿಕಿತ್ಸೆಗೆಂದು ಆಂಬುಲೆನ್ಸ್ ಹತ್ತಿದ ವೀರಪ್ಪನ್ ಪಾಪಾರಪಟ್ಟಿ ಬಳಿ ಗುಂಡಿಗೆ ಬಲಿಯಾದ.

ಆಮೇಲೆ ಹಬ್ಬ. ತಮಿಳುನಾಡು ಪಡೆಯ ಏಳುನೂರಕ್ಕೂ ಹೆಚ್ಚು ಮಂದಿಗೆ ತಲಾ 3 ಲಕ್ಷ, ಬಡ್ತಿ, ಮನೆಗೊಂದು ನಿವೇಶನ. ಆ ಗೃಹಿಣಿಗೆ? ಬಹುಮಾನ ಇನ್ನೂ ಬಂದಿಲ್ಲವೆಂದು ವರ್ಷಗಳ ನಂತರ ಅವರೇ ಪತ್ರಿಕೆಗಳ ಮುಂದೆ ಹೇಳಿಕೊಂಡರು.

ಅವರ ಸುದ್ದಿಯಿಂದಲೇ ಅವನು ಸತ್ತನೇ ಎಂದು ಯಾರಾದರೂ ಕೇಳಬಹುದು. ಕೇಳಲಿ. ನಿವೇಶನ ಹಂಚುವಾಗ ಏಳುನೂರು ಜನರನ್ನೂ ಸಾಲಾಗಿ ನಿಲ್ಲಿಸಿ, ‘ಗುಂಡು ಹಾರಿಸಿದ್ದು ನೀನೇನಪ್ಪಾ?’ ಎಂದು ಕೇಳಿದ್ದರೆ ಬಡಾವಣೆಯಲ್ಲಿ ಎಷ್ಟು ಮನೆ ಏಳುತ್ತಿದ್ದವೋ! ಸಮವಸ್ತ್ರ ತೊಟ್ಟು ಶಿಬಿರದಲ್ಲಿ ಕೂತರೆ ಕಾರ್ಯಾಚರಣೆ, ಸೀರೆ ಉಟ್ಟು ಅಡುಗೆಮನೆಯಲ್ಲಿ ಕೂತರೆ ಹರಟೆ.

2016ರಲ್ಲಿ ತೆರೆಗೆ ಬಂದ ರಾಮ್ ಗೋಪಾಲ್ ವರ್ಮಾ ಅವರ ‘ಕಿಲ್ಲಿಂಗ್ ವೀರಪ್ಪನ್’ನಲ್ಲಿ ಮುತ್ತುಲಕ್ಷ್ಮಿಯ ಸ್ನೇಹ ಗಳಿಸುವ ಗೂಢಚಾರಿಣಿಯಾಗಿ ಪಾರುಲ್ ಯಾದವ್ ನಟಿಸಿದರು. ನಟಿಸಿದವರಿಗೆ ಸಂಭಾವನೆ ಕೊಡುವ ಪದ್ಧತಿ ಗಾಂಧಿನಗರದಲ್ಲಾದರೂ ಇದೆ.