ನಿಶ್ಚಲವಾಹನ ನಿರ್ಣಯ

ಅನುಬಂಧ ಚತುಷ್ಟಯ ಹೇಳದೆ ಯಾವ ಶಾಸ್ತ್ರದೊಳಗೂ ಕಾಲಿಡಬಾರದೆಂಬುದು ಪ್ರಾಚೀನರ ಕಟ್ಟಳೆ. ಹೇಳಿಬಿಡುತ್ತೇವೆ. ಈ ಶಾಸ್ತ್ರದ ವಿಷಯ, ಸ್ಟಾರ್ಟ್ ಆಗದ ಮೋಟಾರ್‌ಸೈಕಲ್. ಪ್ರಯೋಜನ, ಅದು ಸ್ಟಾರ್ಟ್ ಆಗುವುದು. ಸಂಬಂಧ, ಇವೆರಡರ ನಡುವೆ ಸದ್ಯಕ್ಕೆ ಇಲ್ಲದಿರುವುದು. ಅಧಿಕಾರಿ ಯಾರೆಂದರೆ, ಹತ್ತು ಗಂಟೆಗೆ ಹಾಜರಿ ಹಾಕಬೇಕಾದವನು, ಇಸ್ತ್ರಿ ಷರ್ಟು ತೊಟ್ಟವನು, ಒಂಬತ್ತೂ ಮುಕ್ಕಾಲಿಗೆ ಗೇಟಿನ ಮುಂದೆ ಕಿಕ್ಕರ್ ಮೇಲೆ ನಿಂತವನು. ಗ್ಯಾರೇಜ್ ಇಟ್ಟವನಿಗೆ ಇದರಲ್ಲಿ ಅಧಿಕಾರವಿಲ್ಲ. ಅವನಿಗೆ ಇದು ದುಃಖವಲ್ಲ, ಜೀವನೋಪಾಯ.

ಚರ್ಚೆಗೊಂದು ಧರ್ಮಿ ಬೇಕು. ಮೈಸೂರಿನ ಗಾಡಿಯನ್ನೇ ಹಿಡಿಯೋಣ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾಗಿ, 1970ರ ದಶಕದಲ್ಲಿ ಯೆಜ್ಡಿ ಎಂಬ ನಾಮಾಂತರ ಪಡೆದು, 1996ರಲ್ಲಿ ಕಾರ್ಖಾನೆಗೆ ಬೀಗ ಬಿದ್ದ ಮೇಲೂ ಬೀದಿಯಲ್ಲಿ ಬೀಗುತ್ತಲೇ ಇರುವ ಗಾಡಿ ಅದು. 250 ಸಿಸಿ, ಟೂ-ಸ್ಟ್ರೋಕ್, ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಒಂದಕ್ಕೆ ಎರಡೇಕೆಂಬ ಪ್ರಶ್ನೆ ಈ ಗ್ರಂಥದ ವ್ಯಾಪ್ತಿಗೆ ಬಾರದು.

ಇದರ ಕಿಕ್ಕರ್ ವಿಷಯದಲ್ಲೇ ಮತಭೇದ ಶುರುವಾಗುತ್ತದೆ. ಮುಂದಕ್ಕೆ ಚಾಚಿರುವಾಗ ಅದು ಗೇರ್ ಲಿವರ್. ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರೂ ಕಿಕ್ಕೂ ವ್ಯವಹಾರದಲ್ಲಿ ಎರಡು, ಪರಮಾರ್ಥದಲ್ಲಿ ಒಂದೇ ಎಂದು ಶೃಂಗೇರಿ ಕಡೆಯವರು ಹಿಗ್ಗುತ್ತಾರೆ. ಉಡುಪಿ ಕಡೆಯವರು ಹಳೆಯ ಬುಲೆಟ್ಟಿನತ್ತ ಬೆರಳು ತೋರಿಸುತ್ತಾರೆ. ಅಲ್ಲಿ ಗೇರೂ ಕಿಕ್ಕರೂ ಎರಡೂ ಬಲಗಡೆಯೇ ಇದ್ದರೂ ಭೇದ ಸತ್ಯ, ಭೇದ ನಿತ್ಯ; ಅದನ್ನು ಮರೆತವನಿಗೆ ಅವನ ಮೊಣಕಾಲೇ ಸಾಕ್ಷಿ. ಮೇಲುಕೋಟೆಯವರು 1980ರ ಟಿವಿಎಸ್ 50 ಮೊಪೆಡ್ಡನ್ನು ಎಳೆದು ತರುತ್ತಾರೆ. ಪೆಡಲು ಶರೀರ, ಎಂಜಿನ್ನು ಶರೀರಿ. ಎಂಜಿನ್ನಿನ ಕೃಪೆ ತಪ್ಪಿದ ದಿನ ಪೆಡಲಿಗೇ ಶರಣಾಗತಿ. ಮೂರೂ ಮತದವರು ಒಂದೇ ಬೀದಿಯಲ್ಲಿರುವ ನಾಡಿನಲ್ಲಿ ಗಾಡಿ ಹೊರಡಲು ಕೊಂಚ ಹೊತ್ತಾಗುವುದು ಸಹಜ.

ಗಾಡಿ ಸ್ಟಾರ್ಟ್ ಆಗಿಲ್ಲವೆಂದು ತಿಳಿಯುವುದು ಹೇಗೆ? ಪ್ರಶ್ನೆ ಹಗುರವೆನಿಸಬಹುದು, ಆದರೆ ಪ್ರಮಾಣವಿಲ್ಲದೆ ಏನನ್ನೂ ಒಪ್ಪುವಂತಿಲ್ಲ. ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆಂಬುದಕ್ಕೆ ತಾರ್ಕಿಕರು ಅಡುಗೆಮನೆಯ ದೃಷ್ಟಾಂತ ಕೊಡುತ್ತಿದ್ದರು. ಗ್ಯಾಸ್ ಒಲೆ ಬಂದು ಆ ದೃಷ್ಟಾಂತ ಕೆಟ್ಟಿತು, ಟೂ-ಸ್ಟ್ರೋಕ್ ಎಂಜಿನ್ ಬಂದು ಅದನ್ನು ಉಳಿಸಿತು. ಪೆಟ್ರೋಲಿಗೇ ಆಯಿಲ್ ಬೆರೆಸಿ ಸುಡುವ ಈ ಯಂತ್ರದಲ್ಲಿ ಹೊಗೆ ಕಾಣದಿದ್ದರೆ ಬೆಂಕಿಯೂ ಇಲ್ಲವೆಂದೇ ನಮ್ಮ ಅನುಮಾನ. ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯಿಲ್ಲದೆಯೂ ಬೆಂಕಿ ಇದೆಯಲ್ಲ ಎಂಬುದು ಅವರ ಹಳೆಯ ಆಕ್ಷೇಪ. ಅದು ಇಲ್ಲಿ ನಿಲ್ಲದು. ಅವರಲ್ಲಿ ಯಾರೂ ಯೆಜ್ಡಿಯ ಹಿಂದೆ ಸೈಕಲ್ ತುಳಿದವರಲ್ಲ.

ಇನ್ನು ಕಾರಣ. ಅನ್ನಂಭಟ್ಟನ ತರ್ಕಸಂಗ್ರಹ ಏಳು ಪದಾರ್ಥಗಳನ್ನು ಹೇಳಿ ಅಭಾವವನ್ನು ಕೊನೆಗಿಟ್ಟಿದೆ. ನಮ್ಮ ಶಾಸ್ತ್ರದಲ್ಲಿ ಅದಕ್ಕೇ ಅಗ್ರಪೂಜೆ. ದಾರಿಹೋಕನ ಮೊದಲ ಮಾತೇ “ಪೆಟ್ರೋಲ್ ಇದ್ಯಾ ನೋಡಿ ಸಾರ್.” ಸಂಸಾರಸ್ಥನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ. “ನಿನ್ನೆ ತಾನೆ ಹಾಕ್ಸಿದೀನಿ” ಎಂದು ಅವನು ಗುಡುಗುತ್ತಾನೆ, ದಾರಿಹೋಕ ಹೋದ ಮೇಲೆ ಟ್ಯಾಂಕನ್ನು ಮೆಲ್ಲಗೆ ಅಲುಗಾಡಿಸಿ ಕಿವಿಗೊಡುತ್ತಾನೆ. ಅಭಾವವೂ ನಾಲ್ಕು ಬಗೆ. ಪಂಪಿಗೆ ಹೋಗುವ ಮುನ್ನ ಇರುವುದು ಪ್ರಾಗಭಾವ. ರಾತ್ರಿಯಿಡೀ ಕಾರ್ಬುರೇಟರಿನಿಂದ ತೊಟ್ಟಿಕ್ಕಿ ನೆಲಕ್ಕೆ ಇಂಗಿದ್ದು ಪ್ರಧ್ವಂಸಾಭಾವ. ಸೋದರಳಿಯನಿಗೆ ಎರವಲು ಕೊಟ್ಟ ಗಾಡಿ ವಾಪಸು ಬಂದಾಗ ಟ್ಯಾಂಕಿನಲ್ಲಿರುವುದು ಅತ್ಯಂತಾಭಾವ, ಅದು ಮೂರು ಕಾಲಕ್ಕೂ ಸತ್ಯ. ಮಳೆಗಾಲದಲ್ಲಿ ಮುಚ್ಚಳದ ಸಂದಿನಿಂದ ನೀರು ಇಳಿದಿದ್ದರೆ ಅನ್ಯೋನ್ಯಾಭಾವ: ನೀರು ಪೆಟ್ರೋಲಲ್ಲ, ಪೆಟ್ರೋಲು ನೀರಲ್ಲ. ಭಾರವಾದ ನೀರು ತಳಕ್ಕಿಳಿದು ತಾನೇ ಮೊದಲು ಕಾರ್ಬುರೇಟರಿಗೆ ನುಗ್ಗುವುದರಿಂದ ಈ ಭೇದ ಎಂಜಿನ್ನಿಗೆ ಬೇಗ ಗೊತ್ತಾಗುತ್ತದೆ.

ಪ್ರಾಚೀನರು ಐದನೆಯದೊಂದನ್ನು ಬಿಟ್ಟಿದ್ದಾರೆ. ಟ್ಯಾಂಕ್ ತುಂಬ ಪೆಟ್ರೋಲಿದ್ದೂ ಎಂಜಿನ್ನಿಗೆ ಇಲ್ಲದಿರುವುದು. ಕಾಕ್ ತಿರುಗಿಸದಿದ್ದರೆ ಹೀಗಾಗುತ್ತದೆ. ಮುಚ್ಚಳದ ಸಣ್ಣ ತೂತು ಧೂಳಿನಿಂದ ಮುಚ್ಚಿ, ಗಾಳಿ ಒಳಗೆ ಬಾರದೆ, ಪೆಟ್ರೋಲು ಕೆಳಗಿಳಿಯದಿದ್ದರೂ ಆಗುತ್ತದೆ. ಮುಚ್ಚಳ ಬಿಚ್ಚಿದಾಗ ‘ಸುಯ್’ ಎಂದು ಶಬ್ದ ಬಂದರೆ ಅದೇ ಕಾರಣ. ಇದಕ್ಕೆ ‘ಸರ್ಕಾರಿ ಅನುದಾನಾಭಾವ’ ಎಂದು ಹೆಸರಿಟ್ಟಿದ್ದೇವೆ.

ಅರ್ಥಾಪತ್ತಿಗೂ ಇಲ್ಲಿ ಜಾಗವಿದೆ. ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲವೆಂದ ಮೇಲೆ ರಾತ್ರಿ ಉಣ್ಣುತ್ತಾನೆಂದು ಮೀಮಾಂಸಕರು ಸಾಧಿಸಿದ್ದರು. ಅಪ್ಪನ ಗಾಡಿ ಹಗಲೆಲ್ಲ ನಿಂತೇ ಇದ್ದರೂ ಪೆಟ್ರೋಲ್ ಇಳಿಯುತ್ತಿದೆಯೆಂದರೆ ರಾತ್ರಿ ಅದನ್ನು ಓಡಿಸುವವನೂ ದೇವದತ್ತನೇ. ಅವನು ಪಿಯುಸಿ ಓದುತ್ತಿದ್ದಾನೆ.

ಈಗ ಕರ್ಮಕಾಂಡ. ಕರ್ಮ ಮಾಡುತ್ತ ಹೋಗು, ಫಲ ಕೂಡಲೇ ಕಾಣದಿದ್ದರೂ ಅದು ಅಪೂರ್ವವೆಂಬ ಅದೃಶ್ಯ ರೂಪದಲ್ಲಿ ಕೂಡಿಡಲ್ಪಡುತ್ತದೆ ಎಂಬುದು ಮೀಮಾಂಸಕರ ಮತ. ಚೋಕ್ ಎಳೆದು ಒಂದೇ ಸಮನೆ ಕಿಕ್ ಹೊಡೆಯುವವರೆಲ್ಲ, ಅರಿಯದೆಯೇ, ಈ ಮತದವರು. ಅಪೂರ್ವ ನಿಜಕ್ಕೂ ಕೂಡುತ್ತದೆ, ಪೆಟ್ರೋಲಿನ ರೂಪದಲ್ಲಿ, ಕ್ರ್ಯಾಂಕ್‌ಕೇಸಿನಲ್ಲಿ. ಮೆಕ್ಯಾನಿಕ್ಕುಗಳು ಇದನ್ನು ‘ಓವರ್‌ಫ್ಲೋ’ ಎನ್ನುತ್ತಾರೆ. ಪರಿಹಾರ ವಿಚಿತ್ರ: ಕಾಕ್ ಮುಚ್ಚಿ, ಪ್ಲಗ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುವಿ, ಮತ್ತೆ ಅಷ್ಟೇ ಕಿಕ್ ಹೊಡೆದು ಹೊರಹಾಕುವುದು. ಕರ್ಮದಿಂದ ಬಂದ ಬಂಧ ಕರ್ಮದಿಂದಲೇ ಕಳೆಯುವ ಏಕೈಕ ನಿದರ್ಶನ ಇದು. ಷರ್ಟಿನ ಇಸ್ತ್ರಿ ಮಾತ್ರ ಮರಳಿ ಬರುವುದಿಲ್ಲ.

ಪ್ಲಗ್ ಬಿಚ್ಚಿದ ಮೇಲೆ ಚಾರ್ವಾಕನ ಸರದಿ. ಅವನು ಪ್ರತ್ಯಕ್ಷವನ್ನು ಬಿಟ್ಟು ಬೇರೇನನ್ನೂ ನಂಬದವನು. ಪ್ಲಗ್ಗಿಗೆ ಕ್ಯಾಪ್ ಸಿಕ್ಕಿಸಿ, ಅದನ್ನು ಎಂಜಿನ್ ಹೆಡ್ಡಿಗೆ ತಾಗಿಸಿಟ್ಟು, ಕಿಕ್ ಹೊಡೆದು ಕಿಡಿ ನೋಡು ಎನ್ನುತ್ತಾನೆ. ಸರಿಯಾದ ಮಾತೇ. ಪ್ಲಗ್ ಒದ್ದೆಯಾಗಿದ್ದೂ ಕಿಡಿ ಬಾರದಿದ್ದರೆ ದೋಷ ಕರೆಂಟಿನದು. ಒಣಗಿದ್ದು ಕಿಡಿ ಚೆನ್ನಾಗಿದ್ದರೆ ಪೆಟ್ರೋಲಿನ ದಾರಿಯದು. ಮಸಿ ಹಿಡಿದಿದ್ದರೆ ಆಯಿಲ್ ಹಾಕುವಾಗ ಕೈ ಧಾರಾಳವಾಗಿತ್ತು. ಅತಿಭಕ್ತರು ಕೆಲವರು ಪ್ಲಗ್ಗನ್ನು ಕೈಯಲ್ಲೇ ಹಿಡಿಯುವುದುಂಟು. ಅವರಿಗೆ ಪ್ರತ್ಯಕ್ಷಜ್ಞಾನ ಮೊಣಕೈವರೆಗೂ ಉಂಟಾಗುತ್ತದೆ. ಕಿಡಿಯೇ ಇಲ್ಲವಾದರೆ ಪಾಯಿಂಟ್ ಸೆಟ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಎರಡು ತುದಿಗಳ ನಡುವೆ ಸುಮಾರು 0.4 ಮಿಲಿಮೀಟರ್ ಅಂತರ ಇಡಬೇಕು. ಫೀಲರ್ ಗೇಜ್ ಇಲ್ಲದವರು ಲಗ್ನಪತ್ರಿಕೆಯ ಮೂಲೆ ತೂರಿಸುತ್ತಾರೆ. ವೈಕುಂಠ ಸಮಾರಾಧನೆಯ ಕಾಗದ ತೆಳುವಾದ್ದರಿಂದ ವರ್ಜ್ಯ.

ಇಷ್ಟು ಹೊತ್ತಿಗೆ ಶಬ್ದಪ್ರಮಾಣ ಸುತ್ತ ನೆರೆದಿರುತ್ತದೆ. ಆಪ್ತವಾಕ್ಯವೇ ಪ್ರಮಾಣವಾದರೂ, ಆಪ್ತರು ಐದು ಜನ ಐದು ಮಾತು ಹೇಳಿದರೆ ಏನು ಮಾಡಬೇಕೆಂದು ಗ್ರಂಥಗಳು ಹೇಳುವುದಿಲ್ಲ. ನಿವೃತ್ತ ಮೇಷ್ಟ್ರು “ಸ್ವಲ್ಪ ವಾಲಿಸಿ” ಎನ್ನುತ್ತಾರೆ. ಅದು ಸ್ಕೂಟರ್ ಸಂಪ್ರದಾಯ, ಇಲ್ಲಿಗೆ ಅತಿಥಿಯಾಗಿ ಬಂದದ್ದು. ಹಾಲಿನವನು “ಕಂಡೆನ್ಸರ್ ಹೋಗಿದೆ” ಎನ್ನುತ್ತಾನೆ. ಹಾಲಿನವನು ಹೇಳುವುದು ಸಾಮಾನ್ಯವಾಗಿ ಸರಿ. ಆದರೂ ಯಾರೂ ಕೇಳುವುದಿಲ್ಲ. ಕೊನೆಗೆ ಗೆಲ್ಲುವುದು ‘ತಳ್ಳುವಾದ’. ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಹಿಡಿದು, ನಾಲ್ಕು ಜನ ತಳ್ಳಿ, ವೇಗ ಬಂದಾಗ ಕ್ಲಚ್ ಬಿಡುವುದು. ಬ್ಯಾಟರಿ ಇಳಿದಿದ್ದರೆ ಇದಕ್ಕೆ ಅರ್ಥವಿದೆ, ಚಕ್ರ ತಿರುಗಿದಾಗ ಡೈನಮೋ ಒಂದಿಷ್ಟು ಕರೆಂಟು ಕೊಡುತ್ತದೆ. ಬೇರೆ ದೋಷವಿದ್ದರೆ ಗಾಡಿ ಇಳಿಜಾರಿನ ತಳಕ್ಕೆ ಹೋಗಿ ನಿಲ್ಲುತ್ತದೆ, ತಳ್ಳಿದವರು ಕಾಣೆಯಾಗುತ್ತಾರೆ.

ಹೊಸ ಗಾಡಿಗಳವರು ಈ ಗ್ರಂಥವನ್ನು ಕಂಡು ನಗಬಾರದು. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದ ಮೇಲೆ ಕಾರ್ಬುರೇಟರ್ ಹಿಂದೆ ಸರಿದು ಫ್ಯುಯಲ್ ಇಂಜೆಕ್ಷನ್ ಬಂದಿದೆ. ಪಾಯಿಂಟ್ ಸೆಟ್ ಅದಕ್ಕೂ ಮೊದಲೇ ಹೋಗಿತ್ತು, ಅನೇಕ ಗಾಡಿಗಳಲ್ಲಿ ಕಿಕ್ಕರೂ ಇಲ್ಲ. ಆದರೆ ಬಲಗೈ ಹಿಡಿಕೆಯ ಬಳಿ ಕೆಂಪು ಸ್ವಿಚ್ಚೊಂದಿದೆ. ಪಕ್ಕದ ಮನೆಯ ಮಗು ಹತ್ತಿ ಕೂತು ‘ಡುರ್ರ್’ ಎಂದು ಆಡಿ ಇಳಿಯುವಾಗ ಅದನ್ನು ಒತ್ತಿರುತ್ತದೆ. ಗಾಡಿಯ ಮೈಯೆಲ್ಲ ಬಿಚ್ಚಿ ಹರಡಿಕೊಂಡು ಕೂತವನಿಗೆ, ಐವರು ಸಾಕ್ಷಿಗಳ ಎದುರು, ಇದು ಕಣ್ಣಿಗೆ ಬಿದ್ದರೆ ಶಾಸ್ತ್ರ ಹೇಳುವ ವಿಧಿ ಇಷ್ಟು: ಮುಖಭಾವ ಬದಲಿಸಬಾರದು. ಬಿಚ್ಚಿದ್ದನ್ನೆಲ್ಲ ಬಿಚ್ಚಿದ್ದರ ವಿಲೋಮ ಕ್ರಮದಲ್ಲಿ ಜೋಡಿಸಬೇಕು. ಕೈ ಒರೆಸಿಕೊಳ್ಳುವ ನೆವದಲ್ಲಿ ಹೆಬ್ಬೆರಳಿನಿಂದ ಸ್ವಿಚ್ ಸರಿಮಾಡಿ, ಸೆಲ್ಫ್ ಒತ್ತಿ, ಗಾಡಿ ಗುಡುಗಿದೊಡನೆ “ಕಸ ಕೂತಿತ್ತು ನೋಡಿ” ಎನ್ನಬೇಕು. ಹಾಲಿನವನ ಕಡೆ ಮಾತ್ರ ನೋಡಬಾರದು.